ಜಾತ್ರೆ, ಸಂತೆಯಲ್ಲಿ ಮತದಾರರ ಸಹಾಯ ಮಳಿಗೆ: ಏನೇನು ಹೊಂದಿಸಬೇಕು, ಯಾವ ಕ್ರಮದಲ್ಲಿ, ಎಲ್ಲಿ ಎಡವುತ್ತೀರಿ

ಸಂಜೆ ಮಳಿಗೆ ಎತ್ತುವಾಗ ತುಂಬಿದ ನಮೂನೆ 6ರ, ಅಂದರೆ ಪಟ್ಟಿಗೆ ಹೊಸದಾಗಿ ಹೆಸರು ಸೇರಿಸುವ ಅರ್ಜಿಯ, ದಪ್ಪ ಕಟ್ಟೊಂದು ಕೈಯಲ್ಲಿದ್ದರೆ ಕೆಲಸ ಚೆನ್ನಾಗಿ ಆಯಿತು ಅನಿಸುತ್ತದೆ. ಸೋಮವಾರ ಆ ಕಟ್ಟನ್ನು ತಾಲ್ಲೂಕು ಕಚೇರಿಗೆ ಹೊತ್ತೊಯ್ದಾಗ ಎಲ್ಲವೂ ವಾಪಸ್. ಸಂಘ ಸಂಸ್ಥೆಗಳು ಒಟ್ಟಾಗಿ ತಂದುಕೊಡುವ ಅರ್ಜಿಗಳನ್ನು ಮತದಾರರ ನೋಂದಣಾಧಿಕಾರಿ ಸ್ವೀಕರಿಸುವಂತಿಲ್ಲ. ಒಂದೇ ಮನೆಯವರ ಅರ್ಜಿಗಳನ್ನು ಆ ಮನೆಯ ಒಬ್ಬರು ಕೊಡಬಹುದು. ಮಾನ್ಯತೆ ಪಡೆದ ಪಕ್ಷಗಳ ಮತಗಟ್ಟೆ ಏಜೆಂಟರಿಗೆ ದಿನಕ್ಕಿಷ್ಟು ಎಂಬ ಮಿತಿಯೊಳಗೆ ಅವಕಾಶವಿದೆ. ಯುವಕ ಸಂಘಕ್ಕೆ, ಕಾಲೇಜಿಗೆ, ಅಪಾರ್ಟ್‌ಮೆಂಟ್ ಸಂಘಕ್ಕೆ ಇಲ್ಲ.

ಹೆಚ್ಚಿನ ಮಳಿಗೆಗಳು ಸೋಲುವುದು ಇಲ್ಲೇ. ಅರ್ಜಿ ಕೂಡಿಹಾಕುವ ಮಳಿಗೆಗೆ ಬೇಕಾದ ಸಾಮಾನೇ ಬೇರೆ, ಜನರು ತಮ್ಮ ಅರ್ಜಿಯನ್ನು ತಾವೇ ಸಲ್ಲಿಸುವಂತೆ ಮಾಡುವ ಮಳಿಗೆಗೆ ಬೇಕಾದದ್ದೇ ಬೇರೆ. ಬಂದವರು ಹೊರಡುವಾಗ ಅವರ ಕೈಯಲ್ಲಿ ಈ ಮೂರರಲ್ಲಿ ಒಂದಿರಬೇಕು: ಪಟ್ಟಿಯಲ್ಲಿರುವ ತಮ್ಮ ಭಾಗ ಸಂಖ್ಯೆ (ಮತಗಟ್ಟೆವಾರು ಪಟ್ಟಿಯ ಸಂಖ್ಯೆ) ಮತ್ತು ಕ್ರಮ ಸಂಖ್ಯೆ, ಇಲ್ಲವೇ ಆನ್‌ಲೈನ್ ಅರ್ಜಿಯ ಉಲ್ಲೇಖ ಸಂಖ್ಯೆ, ಅದೂ ಆಗದಿದ್ದರೆ ತಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹೆಸರು ಮತ್ತು ಫೋನ್ ನಂಬರು. ಮುಂದಿನ ಹಂತಗಳೆಲ್ಲ ಇದಕ್ಕಾಗಿಯೇ.

ಹಂತ 1: ಬರುವ ಜನ ಯಾವ ಊರಿನವರು ಎಂದು ಮೊದಲು ತಿಳಿಯಿರಿ
(ಮೂರು ವಾರ ಮೊದಲು)

ಹೋಬಳಿ ಕೇಂದ್ರದ ವಾರದ ಸಂತೆಗೆ ಬರುವವರು ಸುತ್ತಲಿನ ಹತ್ತಿಪ್ಪತ್ತು ಹಳ್ಳಿಯವರು, ಬಹುತೇಕ ಒಂದೇ ವಿಧಾನಸಭಾ ಕ್ಷೇತ್ರದವರು. ಅಲ್ಲಿ ಮತದಾರರ ಪಟ್ಟಿಯ ಮುದ್ರಿತ ಪ್ರತಿ ಚಿನ್ನದಂಥ ವಸ್ತು. ನೆಟ್‌ವರ್ಕ್ ಇಲ್ಲದಿದ್ದರೂ ಅರ್ಧ ಕೆಲಸ ಸಾಗುತ್ತದೆ.

ಬಸವನಗುಡಿಯ ಕಡಲೆಕಾಯಿ ಪರಿಷೆಗೋ ಕೊಪ್ಪಳದ ಗವಿಮಠದ ಜಾತ್ರೆಗೋ ಇದು ಹೊಂದುವುದಿಲ್ಲ. ಅಲ್ಲಿ ಸಾಲಿನಲ್ಲಿ ಅಕ್ಕಪಕ್ಕ ನಿಂತವರು ಬೇರೆ ಬೇರೆ ಜಿಲ್ಲೆಯವರಿರುತ್ತಾರೆ. ರಾಜ್ಯದ 224 ಕ್ಷೇತ್ರಗಳ ಪಟ್ಟಿ ಮುದ್ರಿಸಿ ತರಲು ಆಗುವುದಿಲ್ಲ. ಅಂಥಲ್ಲಿ ಇಂಟರ್ನೆಟ್ಟೇ ಆಧಾರ, ಆದ್ದರಿಂದ ಖರ್ಚೂ ಅದರ ಮೇಲೆಯೇ ಆಗಲಿ. ಕಾಲೇಜು ಉತ್ಸವವಾದರೆ ಹಾಸ್ಟೆಲ್ ಹುಡುಗ ಹುಡುಗಿಯರ ವಿಳಾಸದ ಪ್ರಶ್ನೆಗಳೇ ಜಾಸ್ತಿ. ಅಪಾರ್ಟ್‌ಮೆಂಟಿನ ಗಣೇಶೋತ್ಸವವಾದರೆ ಮನೆ ಬದಲಿಸಿದವರ ನಮೂನೆ 8 (ವಿಳಾಸ ಬದಲಾವಣೆ, ತಿದ್ದುಪಡಿಯ ಅರ್ಜಿ) ಹೆಚ್ಚು. ಸಾಮಾನಿನ ಪಟ್ಟಿ ಬರೆಯುವ ಮೊದಲು ನಿಮ್ಮದು ಇವುಗಳಲ್ಲಿ ಯಾವುದು ಎಂದು ತೀರ್ಮಾನಿಸಿ.

ದಿನ ಆರಿಸುವಾಗ ಚುನಾವಣಾ ಆಯೋಗದ ಮತದಾರರ ಪಟ್ಟಿ ಪರಿಷ್ಕರಣೆಯ ವೇಳಾಪಟ್ಟಿಯನ್ನೂ ನೋಡಿ. ಕರಡು ಪಟ್ಟಿ ಪ್ರಕಟವಾಗಿ ಹಕ್ಕು ಮತ್ತು ಆಕ್ಷೇಪಣೆ ಸ್ವೀಕರಿಸುವ ವಾರಗಳು ಎಲ್ಲಕ್ಕಿಂತ ಒಳ್ಳೆಯವು. ವಿಶೇಷ ತೀವ್ರ ಪರಿಷ್ಕರಣೆ (ಮನೆಮನೆ ಪರಿಶೀಲಿಸಿ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವುದು) ನಡೆಯುತ್ತಿದ್ದರೆ ನಮೂನೆಗಳೂ ದಾಖಲೆಗಳೂ ಬೇರೆಯಾಗಿರುತ್ತವೆ. ಆಗ ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಆ ಹೊತ್ತಿನ ಸೂಚನೆಯ ಪ್ರತಿ ಪಡೆಯದೆ ಮಳಿಗೆ ಹಾಕಬೇಡಿ. ಹಳೆಯ ತಿಳಿವಳಿಕೆಯ ಮೇಲೆ ಹತ್ತಾರು ಜನರಿಗೆ ತಪ್ಪು ದಾರಿ ತೋರಿಸುವುದಕ್ಕಿಂತ ಮಳಿಗೆ ಇಲ್ಲದಿರುವುದೇ ಮೇಲು.

ಹಂತ 2: ಅನುಮತಿ, ಮತ್ತು ಬಿಎಲ್‌ಒ ಬರುವಂತೆ ಪತ್ರ
(ಎರಡು ವಾರ ಮೊದಲು)

ಮೂರು ಕಡೆ ಪತ್ರ ಹೋಗಬೇಕು. ಉತ್ಸವ ನಡೆಸುವ ಸಮಿತಿಗೆ ಒಂದು. ರಸ್ತೆ ಅಥವಾ ಮೈದಾನ ಯಾರ ಸುಪರ್ದಿನಲ್ಲಿದೆಯೋ ಆ ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಪಾಲಿಕೆಗೆ ಇನ್ನೊಂದು. ಮೂರನೆಯದು ಠಾಣೆಗೆ. ಮೈಕ್ ಹಾಕುವುದಿದ್ದರೆ ಅದನ್ನೂ ಬರೆಯಿರಿ. ನಿಜ ಹೇಳಬೇಕೆಂದರೆ ಮೈಕ್ ಬೇಡವೇ ಬೇಡ. ಜಾತ್ರೆಯ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳದು. ನಿಮ್ಮ ಮೇಜಿನ ಮುಂದೆ ಕೂತವರ ಮಾತು ಮಾತ್ರ ನಿಮಗೆ ಕೇಳದಂತಾಗುತ್ತದೆ.

ನಾಲ್ಕನೆಯ ಪತ್ರವನ್ನು ಬಹಳ ಜನ ಮರೆಯುತ್ತಾರೆ. ಅದು ಮತದಾರರ ನೋಂದಣಾಧಿಕಾರಿಗೆ. ಗ್ರಾಮಾಂತರದಲ್ಲಿ ತಹಶೀಲ್ದಾರರು ಸಾಮಾನ್ಯವಾಗಿ ಸಹಾಯಕ ನೋಂದಣಾಧಿಕಾರಿ, ಅವರ ಮೂಲಕವೇ ಕೊಡಿ. ಅದರ ಒಂದು ನಕಲನ್ನು ಜಿಲ್ಲಾ ಸ್ವೀಪ್ (ಮತದಾರರ ಜಾಗೃತಿ) ಸಮಿತಿಗೆ, ಅಂದರೆ ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರ ಕಚೇರಿಗೆ ಕಳಿಸಿ. ಪತ್ರದಲ್ಲಿ ಕೇಳಬೇಕಾದದ್ದು ಎರಡೇ: ಸುತ್ತಲಿನ ಮತಗಟ್ಟೆಗಳ ಬಿಎಲ್‌ಒ ಪಟ್ಟಿ, ಮತ್ತು ಆ ದಿನ ಒಬ್ಬಿಬ್ಬರು ಬಿಎಲ್‌ಒಗಳನ್ನು ಮಳಿಗೆಗೆ ನಿಯೋಜಿಸುವುದು. ಬಿಎಲ್‌ಒ ಬಂದು ಕೂತರೆ ಅವರ ವ್ಯಾಪ್ತಿಯ ಕಾಗದದ ಅರ್ಜಿಯನ್ನು ಅಲ್ಲೇ ಸ್ವೀಕರಿಸಿ, ನಮೂನೆಯ ಕೊನೆಯಲ್ಲಿರುವ ಸ್ವೀಕೃತಿ ಚೀಟಿ ಹರಿದು ಕೊಡಬಹುದು. ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರೇ ಹೆಚ್ಚಾಗಿ ಬಿಎಲ್‌ಒಗಳು. ಭಾನುವಾರ ಬನ್ನಿ ಎಂದು ಬಾಯಿಮಾತಿನಲ್ಲಿ ಕರೆದರೆ ಬರಲಾರರು, ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಮೇಲಧಿಕಾರಿಯ ಆದೇಶ ಇದ್ದರೆ ಅವರಿಗೂ ಅನುಕೂಲ.

ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಹಳೆಯ ಅನುಮತಿ ಪತ್ರಗಳನ್ನು ನೆಚ್ಚಿಕೊಳ್ಳಬೇಡಿ. ಚುನಾವಣಾ ಕಚೇರಿಯಿಂದ ಹೊಸದಾಗಿ ಪಡೆಯಿರಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನ ಬೇಕು. ಆದ್ದರಿಂದ ಆ ಹೊತ್ತಿನಲ್ಲಿ ಮಳಿಗೆಯ ಕೆಲಸ ಹೆಸರು ಹುಡುಕುವುದು, ಮತಗಟ್ಟೆ ತೋರಿಸುವುದು ಇಷ್ಟೇ.

ಹಂತ 3: ಜಾಗ ಮತ್ತು ಮೇಜಿನ ಜೋಡಣೆ

ಜಾತ್ರೆಯಲ್ಲಿ ಜನ ಹೆಚ್ಚು ನುಗ್ಗುವ ಜಾಗ ಬೇಡ, ಜನ ಕಾಯುವ ಜಾಗ ಬೇಕು. ಕುಡಿಯುವ ನೀರಿನ ಟ್ಯಾಂಕಿನ ಹತ್ತಿರ, ಚಪ್ಪಲಿ ಬಿಡುವಲ್ಲಿ, ಪ್ರಸಾದದ ಸಾಲು ಮುಗಿಯುವಲ್ಲಿ, ಬಸ್ಸು ಕಾಯುವಲ್ಲಿ. ಮಿರ್ಚಿ ಭಜಿ ಅಂಗಡಿಯ ಪಕ್ಕ ಜನ ಸೇರುತ್ತಾರೆ ನಿಜ. ಆದರೆ ಎಣ್ಣೆ ಕೈಯಲ್ಲಿ ಯಾರೂ ಫೋನ್ ತೆಗೆಯುವುದಿಲ್ಲ. ಜನರೇಟರ್ ಮತ್ತು ಧ್ವನಿವರ್ಧಕದಿಂದ ಕನಿಷ್ಠ ಮೂವತ್ತು ಹೆಜ್ಜೆ ದೂರವಿರಲಿ. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ನೋಡಿ. ಬಿಸಿಲು ಬಿದ್ದರೆ ಫೋನಿನ ಪರದೆ ಓದಲಾಗದು, ಫೋನ್ ಕಾದು ತಾನೇ ಆರಿಹೋಗುತ್ತದೆ.

10×10 ಅಡಿಯ ಮಡಚುವ ಕ್ಯಾನೊಪಿ ಸಾಕು. ನಾಲ್ಕೂ ಕಾಲಿಗೆ ತಲಾ ಹತ್ತು ಕೆಜಿಯ ಮರಳಿನ ಚೀಲ ಕಟ್ಟಿ. ಗಾಳಿ ಬಂದಾಗ ಮೊದಲು ಹಾರುವುದು ಇದೇ. ಎರಡು ಮೇಜುಗಳನ್ನು ‘ಎಲ್’ ಆಕಾರದಲ್ಲಿಡಿ: ಎದುರಿನದು ಹೆಸರು ಹುಡುಕಲು, ಪಕ್ಕದ್ದು ಅರ್ಜಿಗೆ. ಎರಡೂ ಕೆಲಸ ಒಂದೇ ಮೇಜಿನಲ್ಲಿ ಇಟ್ಟುಕೊಂಡರೆ, ಅರ್ಜಿ ತುಂಬುವ ಒಬ್ಬರ ಹಿಂದೆ ‘ಹೆಸರು ಇದೆಯಾ’ ಎಂದಷ್ಟೇ ಕೇಳಲು ಬಂದ ಹನ್ನೆರಡು ಜನ ನಿಂತು, ಬೇಸತ್ತು ಹೊರಟುಹೋಗುತ್ತಾರೆ. ಗಾಲಿಕುರ್ಚಿ ಒಳಬರಲು ಒಂದು ಬದಿಯಲ್ಲಿ ಮೂರಡಿ ದಾರಿ ಬಿಡಿ. ಹಿರಿಯರಿಗೆಂದು ಕೈಯಿರುವ ಎರಡು ಕುರ್ಚಿ ಬೇರೆಯಾಗಿರಲಿ.

ಶಾಮಿಯಾನದ ಬಟ್ಟೆ, ಕಾರ್ಯಕರ್ತರ ಶಾಲು, ಮೇಜಿನ ಹೊದಿಕೆ ಬಿಳಿ ಅಥವಾ ಕೆನೆ ಬಣ್ಣದ್ದಿರಲಿ. ನಮ್ಮಲ್ಲಿ ಬಣ್ಣ ಕಂಡ ಕೂಡಲೇ ಪಕ್ಷ ಹೇಳಿಬಿಡುವವರು ಬಹಳ. ಬ್ಯಾನರು ಕೊಡಿಸುವ ದಾನಿ ತನ್ನ ಫೋಟೊ ಹಾಕಿ ಎಂದರೆ ಬ್ಯಾನರನ್ನೇ ಬಿಡಿ. ಬ್ಯಾನರು ಬಟ್ಟೆಯದೇ ಆಗಬೇಕು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅದರ ಮೇಲೆ ಮೂರೇ ಸಾಲು, ಹತ್ತು ಹೆಜ್ಜೆ ದೂರದಿಂದ ಓದುವಂತೆ: ‘ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ? ಇಲ್ಲಿ ನೋಡಿಕೊಳ್ಳಿ. ಉಚಿತ.’

ಹಂತ 4: ಪೆಟ್ಟಿಗೆಯಲ್ಲಿ ಏನೇನು

ಆರು ಗಂಟೆಯ ಮಳಿಗೆ, ಏಳು ಜನ ಕಾರ್ಯಕರ್ತರು ಎಂಬ ಲೆಕ್ಕದಲ್ಲಿ.

ಫೋನ್ ಮತ್ತು ವಿದ್ಯುತ್: ಹುಡುಕಲು ಎರಡು ಸ್ಮಾರ್ಟ್‌ಫೋನ್ ಅಥವಾ ಟ್ಯಾಬ್, ಅರ್ಜಿಗೆ ಒಂದು ಲ್ಯಾಪ್‌ಟಾಪ್. ಹಾಟ್‌ಸ್ಪಾಟ್‌ಗೆಂದೇ ಎರಡು ಬೇರೆ ಕಂಪನಿಯ ಸಿಮ್ ಇರುವ ಎರಡು ಫೋನ್. 20,000 ಎಂಎಎಚ್ ಪವರ್ ಬ್ಯಾಂಕ್ ಮೂರು. ಒಂದೊಂದು ಸಾಮಾನ್ಯ ಫೋನನ್ನು ಎರಡೂವರೆಯಿಂದ ಮೂರು ಸಲ ತುಂಬುತ್ತದೆ. ಎಲ್ಲ ಬಗೆಯ ಚಾರ್ಜಿಂಗ್ ವೈರು ಎರಡೆರಡು. ಬಂದವರ ಫೋನೂ ಸತ್ತಿರುತ್ತದೆ, ಅವರ ಓಟಿಪಿ ಬರಬೇಕಾದದ್ದು ಅದೇ ಫೋನಿಗೆ. ಪೆಂಡಾಲಿನವರ ವಿದ್ಯುತ್ ಸಿಕ್ಕರೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ಸಂಜೆಗೆ ಚಾರ್ಜಿಂಗ್ ದೀಪ ಒಂದು.

ಫೋಟೊಗೆ: ಮಡಿಕೆ ಇಲ್ಲದ ಬಿಳಿ ಪಂಚೆ ಅಥವಾ ಬಿಳಿ ಥರ್ಮೋಕೋಲ್ ಹಾಳೆ ಒಂದು. ನಮೂನೆ 6ಕ್ಕೆ ಬಿಳಿ ಹಿನ್ನೆಲೆಯ, ಪೂರ್ತಿ ಮುಖ ಕಾಣುವ, 4.5×3.5 ಸೆಂ.ಮೀ. ಅಳತೆಯ ಬಣ್ಣದ ಫೋಟೊ ಬೇಕು. ಆನ್‌ಲೈನಿನಲ್ಲಿ ಕಡತ 2 ಎಂಬಿ ಮೀರುವಂತಿಲ್ಲ. ಇಂದಿನ ಫೋನುಗಳ ಫೋಟೊ ಅದಕ್ಕಿಂತ ದೊಡ್ಡದಿರುವುದರಿಂದ ಗಾತ್ರ ಇಳಿಸುವುದನ್ನು ಎಲ್ಲ ಕಾರ್ಯಕರ್ತರೂ ಮೊದಲೇ ಕಲಿತಿರಲಿ.

ಕಾಗದ: ಕನ್ನಡದಲ್ಲಿ ಮುದ್ರಿಸಿದ ನಮೂನೆ 6 ಅರವತ್ತು, ನಮೂನೆ 8 ನಲವತ್ತು, ನಮೂನೆ 7 (ಹೆಸರು ತೆಗೆಸುವ ಅರ್ಜಿ) ಹತ್ತು. ಸಂಖ್ಯೆ ಬರೆದುಕೊಡುವ ಚೀಟಿ ನಾನೂರು. ಎ4 ಹಾಳೆಯನ್ನು ಎಂಟು ಭಾಗ ಮಾಡಿದರೆ ಐವತ್ತು ಹಾಳೆಯಲ್ಲಿ ಮುಗಿಯಿತು. ಬರೆಯಲು ರಟ್ಟು ಆರು. ನೀಲಿ ಪೆನ್ನು ಇಪ್ಪತ್ತು, ಅವುಗಳಲ್ಲಿ ಆರನ್ನು ಸುತಳಿಯಿಂದ ರಟ್ಟಿಗೆ ಕಟ್ಟಿ. ಕಟ್ಟದ ಪೆನ್ನು ಮಧ್ಯಾಹ್ನದ ಹೊತ್ತಿಗೆ ಊರು ಸೇರಿರುತ್ತದೆ. ಹೆಬ್ಬೆಟ್ಟಿಗೆ ಸ್ಟಾಂಪ್ ಪ್ಯಾಡ್, ಕೈ ಒರೆಸಲು ಹಳೆ ಬಟ್ಟೆ. ಪಟ್ಟಿಯ ಸಣ್ಣಕ್ಷರ ಓದಲು ಭೂತಗನ್ನಡಿ ಎರಡು, ಸಾಲು ತಪ್ಪದಿರಲು ಅಡಿಕೋಲು ಎರಡು. ಗೋಂದು, ಸ್ಟೇಪ್ಲರ್, ಕಾಗದ ಹಾರದಂತೆ ಇಡಲು ಆರು ಕಲ್ಲು.

ಉಳಿದದ್ದು: ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಕಸದ ಬುಟ್ಟಿ, ಮಳೆಗಾಲವಾದರೆ ಟಾರ್ಪಾಲು, ಎಲ್ಲ ಕಾಗದ ಹಿಡಿಯುವ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ.

ತರಬಾರದ್ದೂ ಉಂಟು. ಬಂದವರ ಹೆಸರು, ಫೋನ್, ವಿಳಾಸ ಬರೆದುಕೊಳ್ಳುವ ರಿಜಿಸ್ಟರ್ ಬೇಡ. ಸ್ಕ್ಯಾನರ್, ಜೆರಾಕ್ಸ್ ಯಂತ್ರ ಬೇಡ, ಇತರರ ಆಧಾರ್ ಪ್ರತಿ ನಿಮ್ಮಲ್ಲಿ ಉಳಿಯುವ ಯಾವ ದಾರಿಯೂ ಬೇಡ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಸಂಸ್ಥೆಯೊಂದರ ಕಾರ್ಯಕರ್ತರು ಬಿಎಲ್‌ಒ ಎಂದು ಹೇಳಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ದೊಡ್ಡ ಸುದ್ದಿಯಾಗಿತ್ತು. ಅಂದಿನಿಂದ ‘ನಿಮ್ಮ ನಂಬರ್ ಹೇಳಿ’ ಎಂದರೆ ಜನ ಹಿಂದೆ ಸರಿಯುತ್ತಾರೆ, ಸರಿಯಬೇಕು ಕೂಡ. ‘ನಾವು ಏನನ್ನೂ ಬರೆದುಕೊಳ್ಳುವುದಿಲ್ಲ’ ಎಂಬ ಸಾಲನ್ನು ಮೇಜಿನ ಮೇಲೆ ದೊಡ್ಡದಾಗಿ ಬರೆದಿಡಿ, ಹಾಗೆಯೇ ನಡೆದುಕೊಳ್ಳಿ.

ಉಡುಗೊರೆ, ಬ್ಯಾಗು, ಟೀ ಶರ್ಟು, ಅದೃಷ್ಟ ಚೀಟಿ ಯಾವುದೂ ಬೇಡ. ಅಣಕು ಮತಯಂತ್ರ ಮಾಡಿ ನಿಜವಾದ ಪಕ್ಷಗಳ ಚಿಹ್ನೆ ಅಂಟಿಸುವುದಂತೂ ಕೂಡದು. ಮತಯಂತ್ರದ ಪ್ರಾತ್ಯಕ್ಷಿಕೆ ಬೇಕೆನಿಸಿದರೆ ಚುನಾವಣಾ ಶಾಖೆಯನ್ನೇ ಕೇಳಿ, ಅವರ ಸಿಬ್ಬಂದಿಯೇ ಯಂತ್ರ ತಂದು ತೋರಿಸಲಿ.

ಹಂತ 5: ಮುದ್ರಿತ ಪಟ್ಟಿ ಮತ್ತು ಗೋಡೆಯ ಹಾಳೆಗಳು
(ಹಿಂದಿನ ವಾರ)

ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಕ್ಷೇತ್ರ ಮತ್ತು ಭಾಗ ಸಂಖ್ಯೆ ಆರಿಸಿ ಪಟ್ಟಿಯ ಪಿಡಿಎಫ್ ಇಳಿಸಿಕೊಳ್ಳಬಹುದು. ಪ್ರತಿ ಭಾಗಕ್ಕೂ ಹೊಸದಾಗಿ ಕ್ಯಾಪ್ಚಾ ಕೇಳುವುದರಿಂದ ಇಪ್ಪತ್ತು ಭಾಗ ಇಳಿಸಲು ಒಂದು ಸಂಜೆಯೇ ಬೇಕು. ಕೊನೆಯ ರಾತ್ರಿಗೆ ಇಟ್ಟುಕೊಂಡು ಕೈ ಸುಟ್ಟುಕೊಂಡವರೇ ಹೆಚ್ಚು. ಪುಟದ ಎರಡೂ ಬದಿ ಮುದ್ರಿಸಿ, ಭಾಗಕ್ಕೊಂದು ಪುಸ್ತಕ ಹೊಲಿದು, ರಟ್ಟಿನ ಮೇಲೆ ಹಳ್ಳಿಯ ಹೆಸರು ಮತ್ತು ಭಾಗ ಸಂಖ್ಯೆಯನ್ನು ಮಾರ್ಕರಿನಲ್ಲಿ ಬರೆಯಿರಿ. ಹಳ್ಳಿಯವರು ಭಾಗ ಸಂಖ್ಯೆ ಹೇಳುವುದಿಲ್ಲ. ‘ಹಳೇ ಊರಿನ ಶಾಲೆ ಬೂತ್’ ಎನ್ನುತ್ತಾರೆ. ಅದನ್ನೂ ಬರೆದಿಟ್ಟುಕೊಳ್ಳಿ.

ಪಟ್ಟಿಯ ಮೊದಲ ಭಾಗದಲ್ಲಿ ಹೆಸರಿದ್ದ ಮಾತ್ರಕ್ಕೆ ‘ಇದೆ’ ಎನ್ನಬೇಡಿ. ಕೊನೆಯಲ್ಲಿ ಪೂರಕ ಪಟ್ಟಿ ಇರುತ್ತದೆ, ಅದರಲ್ಲಿ ಸೇರ್ಪಡೆ, ತಿದ್ದುಪಡಿ, ಅಳಿಸುವಿಕೆ ಮೂರೂ ಇವೆ. ಅಳಿಸಿದ ಹೆಸರಿನ ಮುಂದೆ ಕಾರಣ ಸೂಚಿಸುವ ಇಂಗ್ಲಿಷ್ ಅಕ್ಷರವಿರುತ್ತದೆ: ಮೃತರಿಗೆ ಇ, ಸ್ಥಳಾಂತರಕ್ಕೆ ಎಸ್, ಎರಡು ಸಲ ಬಂದಿದ್ದರೆ ಆರ್, ಪತ್ತೆಯಿಲ್ಲದಿದ್ದರೆ ಎಂ, ಅನರ್ಹರಿಗೆ ಕ್ಯೂ. ಎದುರಿಗೆ ಗಟ್ಟಿಮುಟ್ಟಾಗಿ ನಿಂತ ಯಜಮಾನರ ಹೆಸರಿನ ಪಕ್ಕ ಇ ಕಂಡರೆ ಅದನ್ನು ಜೋರಾಗಿ ಓದಿ ಹೇಳಬೇಡಿ. ಒಳಗೆ ಕೂರಿಸಿ ನಿಧಾನವಾಗಿ ವಿವರಿಸಿ.

ಕಣ್ಣೆತ್ತರದಲ್ಲಿ ಎರಡು ಹಾಳೆ ತೂಗುಹಾಕಿ. ಒಂದರಲ್ಲಿ ಅರ್ಹತಾ ದಿನಗಳು, ಅಂದರೆ ಹದಿನೆಂಟು ತುಂಬಿರಬೇಕಾದ ದಿನಗಳು. 2022ರ ಆಗಸ್ಟಿನಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಲೆಕ್ಕವನ್ನು ಹುಟ್ಟಿದ ದಿನಾಂಕದಲ್ಲೇ ಬರೆಯಿರಿ. ಉದಾಹರಣೆಗೆ 2027ರ ಏಪ್ರಿಲ್ 1ಕ್ಕೆ ಅರ್ಹರಾಗುವವರು 2009ರ ಏಪ್ರಿಲ್ 1ರಂದು ಅಥವಾ ಅದಕ್ಕೂ ಮೊದಲು ಹುಟ್ಟಿದವರು. ಹದಿನೇಳು ತುಂಬಿದವರು ಮುಂಗಡ ಅರ್ಜಿ ಹಾಕಬಹುದು, ಹದಿನೆಂಟು ತುಂಬಿದ ಮೇಲಿನ ಅರ್ಹತಾ ದಿನಕ್ಕೆ ಹೆಸರು ಸೇರುತ್ತದೆ. ಇನ್ನೊಂದು ಹಾಳೆಯಲ್ಲಿ ಸಹಾಯವಾಣಿ 1950, ಆಯೋಗದ ಮತದಾರರ ಪೋರ್ಟಲಿನ ಕ್ಯೂಆರ್ ಕೋಡ್, ಬಿಎಲ್‌ಒ ಪಟ್ಟಿ. ಕ್ಯೂಆರ್ ಕೋಡನ್ನು ನೀವೇ ಪೋರ್ಟಲ್ ತೆರೆದು ತಯಾರಿಸಿ. ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ಮುದ್ರಿಸಿ ಅಂಟಿಸಬೇಡಿ.

ಹಂತ 6: ಯಾರು ಎಲ್ಲಿ ಕೂರಬೇಕು

ಎದುರಿಗೆ ನಿಂತು ಮಾತಾಡಿಸುವವರು ಒಬ್ಬರು. ಹುಡುಕುವವರು ಇಬ್ಬರು. ಅರ್ಜಿಗೆ ಮೂವರು. ಊಟಕ್ಕೆ ಎದ್ದವರ ಜಾಗ ತುಂಬಲು ಒಬ್ಬರು. ಹುಡುಕಾಟಕ್ಕೆ ಎರಡು ಮೂರು ನಿಮಿಷ, ಆನ್‌ಲೈನ್ ಅರ್ಜಿಗೆ ಹದಿನೈದಿಪ್ಪತ್ತು ನಿಮಿಷ ಎಂದಿಟ್ಟುಕೊಳ್ಳಿ. ಹಾಗೆ ನೋಡಿದರೆ ಮೂವರು ಕೂತು ಆರು ಗಂಟೆಯಲ್ಲಿ ಮುಗಿಸಬಹುದಾದ ಅರ್ಜಿ ಐವತ್ತರಿಂದ ಎಪ್ಪತ್ತು. ‘ಐನೂರು ನೋಂದಣಿ ಗುರಿ’ ಎಂದು ಘೋಷಿಸಿದ ಮಳಿಗೆಯಲ್ಲೇ ಅರೆಬರೆ ಅರ್ಜಿಗಳು ಹೆಚ್ಚು.

ಎದುರಿಗೆ ನಿಲ್ಲುವವರು ಆ ಕಡೆಯ ಮಾತಿನವರಾಗಿರಲಿ. ‘ಅಕ್ಕಾ, ಪಟ್ಟಿಯಲ್ಲಿ ಹೆಸರು ಇದೆಯಾ ನೋಡೋಣ್ವಾ? ಎರಡೇ ನಿಮಿಷ’ ಎಂದರೆ ಮಂಡ್ಯದ ಕಡೆ ನಿಲ್ಲುತ್ತಾರೆ. ಧಾರವಾಡದ ಕಡೆಯಾದರೆ ‘ಅಕ್ಕಾರ, ಲಿಸ್ಟನ್ಯಾಗ ನಿಮ್ಮ ಹೆಸರು ಐತೇನು ನೋಡೂಣು ಬರ್ರಿ’. ‘ಮತದಾನ ಪವಿತ್ರ ಕರ್ತವ್ಯ’ ಎಂದು ಶುರುಮಾಡಿದರೆ ಕರಪತ್ರ ಕೊಡುವವರೆಂದುಕೊಂಡು ಕೈ ಚಾಚಿ ಮುಂದೆ ಹೋಗುತ್ತಾರೆ.

ಹಂತ 7: ಹೆಸರು ಹುಡುಕುವ ಕ್ರಮ

ಮೊದಲು ಎಪಿಕ್ ಸಂಖ್ಯೆಯಿಂದ, ಅಂದರೆ ಮತದಾರರ ಗುರುತಿನ ಚೀಟಿಯ ಸಂಖ್ಯೆಯಿಂದ. ಈಗಿನ ಕಾರ್ಡಿನಲ್ಲಿ ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿ. ಕೆಟಿ ಎಂದು ಶುರುವಾಗಿ ನಡುನಡುವೆ ಓರೆಗೆರೆ ಇರುವ ಉದ್ದನೆಯ ಸಂಖ್ಯೆ ಹಳೆಯ ಮಾದರಿ. ಅದರಿಂದ ಸಿಗದಿದ್ದರೆ ಗಾಬರಿ ಬೇಡ, ವಿವರಗಳಿಂದ ಹುಡುಕಿ.

ವಿವರಗಳಿಂದ ಹುಡುಕುವಾಗ ನಮ್ಮ ಹೆಸರುಗಳೇ ಸಮಸ್ಯೆ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಗೊತ್ತಿರುವುದಿಲ್ಲ. ಇನಿಷಿಯಲ್ ಬಿಟ್ಟು ಬರೀ ಹೆಸರಿನಿಂದ ನೋಡಿ. ಮದುವೆಯಾದವರಿಗೆ ಗಂಡನ ಹೆಸರಿನಿಂದ ಸಿಗದಿದ್ದರೆ ತಂದೆಯ ಹೆಸರಿನಿಂದ, ತವರಿನ ಕ್ಷೇತ್ರದಲ್ಲಿ ನೋಡಿ. ಮಂಜುಳಾ ಅಲ್ಲಿ ಮಂಜುಲಾ ಆಗಿರುತ್ತಾರೆ, ವೀಣಾ ವೀನಾ ಆಗಿರುತ್ತಾರೆ. ಲ ಮತ್ತು ಳ, ನ ಮತ್ತು ಣ, ಶ ಮತ್ತು ಸ ಅದಲು ಬದಲು ಮಾಡಿ ಮತ್ತೊಮ್ಮೆ ಹುಡುಕಿ. ಮನೆಯ ಇನ್ನೊಬ್ಬರ ಎಪಿಕ್ ಇದ್ದರೆ ಅದರಿಂದ ಭಾಗ ಸಂಖ್ಯೆ ಹಿಡಿದು ಮುದ್ರಿತ ಪಟ್ಟಿಯಲ್ಲಿ ಅದೇ ಮನೆ ಸಂಖ್ಯೆ ನೋಡುವುದು ಎಷ್ಟೋ ಸಲ ಆನ್‌ಲೈನಿಗಿಂತ ಬೇಗ.

ಸಿಕ್ಕ ಕೂಡಲೇ ಕ್ಷೇತ್ರ, ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಡಿ. ಆ ಚೀಟಿ ಮತಗಟ್ಟೆಯಲ್ಲಿ ಗುರುತಿನ ದಾಖಲೆ ಆಗುವುದಿಲ್ಲ ಎಂದು ಬಾಯಲ್ಲೂ ಹೇಳಿ. ಮತ ಹಾಕಲು ಎಪಿಕ್ ಇಲ್ಲವೇ ಆಯೋಗ ಒಪ್ಪಿದ ಫೋಟೊ ಇರುವ ದಾಖಲೆಗಳಲ್ಲಿ ಒಂದು, ಅಂದರೆ ಆಧಾರ್, ನರೇಗಾ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಚಾಲನಾ ಪರವಾನಗಿ, ಪ್ಯಾನ್, ಪಾಸ್‌ಪೋರ್ಟ್ ಮುಂತಾದದ್ದು ಬೇಕು.

ಕೈಯಲ್ಲಿ ಕಾರ್ಡ್ ಇದೆ, ಪಟ್ಟಿಯಲ್ಲಿ ಹೆಸರಿಲ್ಲ: ಮಳಿಗೆಯಲ್ಲಿ ಹೆಚ್ಚು ಸಿಟ್ಟು ಕಾಣುವುದು ಇಲ್ಲಿ. ಮತ ಹಾಕಲು ಹೆಸರು ಪಟ್ಟಿಯಲ್ಲಿರಬೇಕು, ಕಾರ್ಡ್ ಗುರುತಿಗೆ ಮಾತ್ರ ಎಂಬುದನ್ನು ವಾದಕ್ಕಿಳಿಯದೆ ಹೇಳಿ. ಹೆಸರು ಅಳಿಸಿಹೋಗಿದ್ದರೆ ಮತ್ತೆ ನಮೂನೆ 6 ಹಾಕಬೇಕು.

ಹಂತ 8: ಅರ್ಜಿ

ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಇದಕ್ಕೂ ಮೊದಲು ಎಲ್ಲಾದರೂ ನಿಮ್ಮ ಹೆಸರು ಪಟ್ಟಿಯಲ್ಲಿತ್ತೇ?’ ಇಲ್ಲ ಎಂದರೆ ನಮೂನೆ 6. ಇತ್ತು, ಈಗಲೂ ಇದೆ ಎಂದರೆ ಮನೆ ಬದಲಾಯಿಸಿದ್ದಕ್ಕೂ, ಹೆಸರಿನ ತಿದ್ದುಪಡಿಗೂ, ಕಾರ್ಡ್ ಕಳೆದದ್ದಕ್ಕೂ, ಅಂಗವೈಕಲ್ಯ ನಮೂದಿಸಲೂ ನಮೂನೆ 8 ಒಂದೇ. ಹಿಂದೆ ಒಂದೇ ಕ್ಷೇತ್ರದೊಳಗಿನ ಬದಲಾವಣೆಗೆ 8ಎ ಇತ್ತು, 2022ರಲ್ಲಿ ಅದನ್ನು ತೆಗೆದರು. ಹಳೆಯ ಕರಪತ್ರಗಳಲ್ಲಿ ಇನ್ನೂ ಕಾಣುತ್ತದೆ, ಹರಿದು ಹಾಕಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬಂದವರಿಗೆ ನಮೂನೆ 6 ತುಂಬಿಸುವುದು ಮಳಿಗೆಗಳ ಅತಿ ಸಾಮಾನ್ಯ ತಪ್ಪು. ಆಗ ಎರಡೂ ಕಡೆ ಹೆಸರು ಉಳಿಯುತ್ತದೆ. ಎರಡು ಕಡೆ ಹೆಸರಿರುವುದು 1950ರ ಪ್ರಜಾಪ್ರತಿನಿಧಿ ಕಾಯ್ದೆಯ 17 ಮತ್ತು 18ನೇ ಕಲಮಿಗೆ ವಿರುದ್ಧ. ಅರ್ಜಿಯಲ್ಲಿ ಸುಳ್ಳು ಘೋಷಣೆಗೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು. ಸಹಿ ಹಾಕುವವರು ಅವರು, ಸಿಕ್ಕಿಬೀಳುವವರೂ ಅವರೇ.

ವಯಸ್ಸಿಗೆ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಅಂಕಪಟ್ಟಿ, ಪಾಸ್‌ಪೋರ್ಟ್ ಇವುಗಳಲ್ಲಿ ಒಂದು ಸಾಕು. ತೊಡಕಿರುವುದು ವಿಳಾಸದಲ್ಲಿ. ನೀರು, ಕರೆಂಟು, ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ಕಂದಾಯ ಇಲಾಖೆಯ ಜಮೀನು ದಾಖಲೆ, ನೋಂದಾಯಿತ ಬಾಡಿಗೆ ಕರಾರು, ನೋಂದಾಯಿತ ಕ್ರಯಪತ್ರ. ‘ನೋಂದಾಯಿತ’ ಎಂಬ ಮಾತನ್ನು ಗಮನಿಸಿ. ಬೆಂಗಳೂರಿನ ಬಾಡಿಗೆದಾರರ ಕೈಯಲ್ಲಿರುವ ಹನ್ನೊಂದು ತಿಂಗಳ ಸ್ಟಾಂಪ್ ಪೇಪರ್ ಕರಾರು ಬಹುತೇಕ ನೋಂದಣಿಯಾಗಿರುವುದಿಲ್ಲ, ಅದನ್ನು ಲಗತ್ತಿಸಿದರೆ ಅರ್ಜಿ ತಿರಸ್ಕೃತವಾಗಬಹುದು. ಅಂಥವರಿಗೆ ಗ್ಯಾಸ್ ಬಿಲ್ಲು ಅಥವಾ ವಿಳಾಸ ಬದಲಿಸಿದ ಪಾಸ್‌ಬುಕ್ ಸುಲಭದ ದಾರಿ. ದಾಖಲೆ ಅರ್ಜಿದಾರರ ಹೆಸರಲ್ಲೇ ಇರಬೇಕೆಂದಿಲ್ಲ. ಅದೇ ವಿಳಾಸದಲ್ಲಿ ಈಗಾಗಲೇ ಮತದಾರರಾಗಿರುವ ತಂದೆ, ತಾಯಿ, ಗಂಡ, ಹೆಂಡತಿ ಅಥವಾ ವಯಸ್ಕ ಮಕ್ಕಳ ಹೆಸರಲ್ಲಿದ್ದರೂ ನಡೆಯುತ್ತದೆ. ಹಾಸ್ಟೆಲ್ ವಿದ್ಯಾರ್ಥಿಗಳು ಸಂಸ್ಥೆಯ ಮುಖ್ಯಸ್ಥರ ದೃಢೀಕರಣದೊಂದಿಗೆ ಅಲ್ಲಿಯೇ ಹೆಸರು ಸೇರಿಸಬಹುದು. ಸೂರಿಲ್ಲದವರಿಗೆ ದಾಖಲೆ ಇಲ್ಲವೆಂದು ವಾಪಸ್ ಕಳಿಸಬೇಡಿ, ಅವರು ಮಲಗುವ ಜಾಗಕ್ಕೆ ಬಿಎಲ್‌ಒ ಬಂದು ಪರಿಶೀಲಿಸುವ ವ್ಯವಸ್ಥೆ ಇದೆ.

ಆನ್‌ಲೈನ್ ಅರ್ಜಿಯನ್ನು ಅರ್ಜಿದಾರರ ಮೊಬೈಲ್ ನಂಬರಿನಿಂದಲೇ ತೆರೆಯಿರಿ. ಸಮಯ ಉಳಿಯುತ್ತದೆಂದು ಕಾರ್ಯಕರ್ತರ ಒಂದೇ ಲಾಗಿನ್‌ನಿಂದ ಇಪ್ಪತ್ತು ಅರ್ಜಿ ಹಾಕಿದರೆ ಅದು ಅನುಮಾನಕ್ಕೆ ದಾರಿ, ಅಲ್ಲದೆ ಮುಂದಿನ ಸಂದೇಶಗಳೆಲ್ಲ ನಿಮ್ಮ ಫೋನಿಗೆ ಬರುತ್ತವೆ, ಅವರಿಗೆ ಅಲ್ಲ. ಕೊನೆಯಲ್ಲಿ ಆಧಾರ್ ಆಧಾರಿತ ಇ–ಸಹಿಯ ಹಂತವಿದೆ. ಆಧಾರಿಗೆ ಜೋಡಿಸಿದ ಫೋನ್ ಮನೆಯಲ್ಲಿ ಮಗನ ಹತ್ತಿರ ಇದ್ದರೆ ಅಲ್ಲಿಗೇ ನಿಂತಿತು. ಆದ್ದರಿಂದ ಇದನ್ನು ಶುರುವಿನಲ್ಲೇ ಕೇಳಿ. ಇಲ್ಲ ಎಂದರೆ ಕಾಗದದ ನಮೂನೆ ತುಂಬಿಸಿ, ಬಿಎಲ್‌ಒ ಮುಂದೆ ಕೂರಿಸಿ ಅಥವಾ ಅವರ ನಂಬರು ಬರೆದು ಅರ್ಜಿಯನ್ನು ಅವರ ಕೈಗೇ ಕೊಟ್ಟು ಕಳಿಸಿ.

ಇಂಗ್ಲಿಷಿನಲ್ಲಿ ಟೈಪಿಸಿದ ಹೆಸರನ್ನು ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಮಂಜುಲಾಗಳೂ ವೀನಾಗಳೂ ಹುಟ್ಟುವುದು ಅಲ್ಲಿಯೇ. ಕನ್ನಡದ ಪೆಟ್ಟಿಗೆಯಲ್ಲಿ ಅಕ್ಷರ ತಿದ್ದಿ, ಅರ್ಜಿದಾರರಿಂದಲೇ ಓದಿಸಿ, ಆಮೇಲೆ ಮುಂದೆ ಹೋಗಿ. ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯನ್ನು ಚೀಟಿಗೆ ಬರೆದು, ಅವರ ಫೋನಿನಲ್ಲೇ ಪರದೆಯ ಚಿತ್ರವನ್ನೂ ತೆಗೆಸಿ. ಆಕ್ಷೇಪಣೆಗೆ ಕನಿಷ್ಠ ಏಳು ದಿನ ಬಿಡಬೇಕು, ನಡುವೆ ಬಿಎಲ್‌ಒ ಮನೆಗೆ ಬರಬಹುದು. ‘ನಾಳೆಯೇ ಆಗುತ್ತದೆ’ ಎಂದು ಯಾರಿಗೂ ಹೇಳಬೇಡಿ.

ಬದಿಯ ಪ್ರಶ್ನೆಗಳೂ ಬರುತ್ತವೆ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗನಿಗೆ, ಭಾರತದ ಪೌರತ್ವ ಉಳಿಸಿಕೊಂಡಿದ್ದರೆ, ನಮೂನೆ 6ಎ. ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರುತ್ತದೆ, ಆದರೆ ಮತ ಹಾಕಲು ಊರಿಗೇ ಬರಬೇಕು. ಪದವೀಧರ ಕ್ಷೇತ್ರದ ಪಟ್ಟಿ ಬೇರೆಯೇ, ಅದಕ್ಕೆ ನಮೂನೆ 18. ಎಂಬತ್ತೈದು ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರು ಮನೆಯಿಂದ ಮತ ಹಾಕಲು ನಮೂನೆ 12ಡಿ ಇದೆ. ಅದು ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ ತಲುಪಬೇಕು, ಈಗಲೇ ತುಂಬಿಸಿ ಇಡುವಂಥದ್ದಲ್ಲ.

ಹಂತ 9: ಎಚ್ಚರಿಕೆಯ ಸೂಚನೆಗಳು

ಒಬ್ಬರೇ ಹತ್ತಾರು ಜನರ ಆಧಾರ್ ಪ್ರತಿ ಹಿಡಿದು ಬಂದರೆ ನಿಲ್ಲಿಸಿ. ಅರ್ಜಿದಾರರು ಎದುರಿಗಿಲ್ಲದೆ ಅರ್ಜಿ ಇಲ್ಲ.

‘ನಮ್ಮ ಬೀದಿಯಲ್ಲಿ ಇಲ್ಲದವರ ಹೆಸರು ತೆಗೆಸಬೇಕು’ ಎಂದು ನಮೂನೆ 7 ಕೇಳುವವರ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಬಂದ 6,018 ಆನ್‌ಲೈನ್ ಅರ್ಜಿಗಳಲ್ಲಿ ಪರಿಶೀಲಿಸಿದಾಗ ಸರಿಯಿದ್ದದ್ದು 24 ಮಾತ್ರ. ಮಳಿಗೆಯಲ್ಲಿ ಸ್ವಂತ ಮನೆಯ ಮೃತರ ಹೆಸರು ತೆಗೆಸಲು ಮಾತ್ರ ನಮೂನೆ 7 ಕೊಡಿ. ಉಳಿದವರನ್ನು ತಾಲ್ಲೂಕು ಕಚೇರಿಗೆ ಕಳಿಸಿ.

ಪಕ್ಷದ ಶಾಲು ಹೊದ್ದವರು ಬಂದು ಕುರ್ಚಿ ಎಳೆದು ಕೂತರೆ, ನಿಮ್ಮ ಮೇಜಿನ ಮೇಲೆ ತಮ್ಮ ಕರಪತ್ರ ಇಟ್ಟರೆ, ನಿಮ್ಮ ಫೋಟೊ ತೆಗೆದು ಹಂಚತೊಡಗಿದರೆ ನಯವಾಗಿಯೇ ಏಳಿಸಿ. ಅವರು ಮತದಾರರಾಗಿ ಸಾಲಿನಲ್ಲಿ ನಿಂತರೆ ಎಲ್ಲರಂತೆ ಸಹಾಯ ಮಾಡಿ. ಯಾರಾದರೂ ಫೋನ್ ನಂಬರುಗಳ ಪಟ್ಟಿ ಕೇಳಿದರೆ ಕೊಡಲು ನಿಮ್ಮಲ್ಲಿ ಅದು ಇರಲೇಬಾರದು.

ಓಟಿಪಿಯನ್ನು ಅರ್ಜಿದಾರರೇ ಟೈಪಿಸಲಿ. ಅಕ್ಷರ ಬಾರದ ಅಜ್ಜಿಯ ಓಟಿಪಿಯನ್ನು ಮಗಳೋ ಮೊಮ್ಮಗನೋ ಓದಲಿ, ಕಾರ್ಯಕರ್ತರಲ್ಲ. ಎಪಿಕ್‌ಗೆ ಆಧಾರ್ ಜೋಡಿಸುವುದು ಐಚ್ಛಿಕ. ‘ಜೋಡಿಸದಿದ್ದರೆ ಹೆಸರು ಹೋಗುತ್ತದೆ’ ಎಂದು ಮಳಿಗೆಯವರೇ ಹೇಳಿ ಹೆದರಿಸಿದ್ದೂ ಉಂಟು, ಅದು ತಪ್ಪು.

ನೆಟ್‌ವರ್ಕ್ ಸಂಜೆ ಐದರ ನಂತರ ಕುಸಿಯುತ್ತದೆ ಎಂದೇ ಯೋಜಿಸಿ. ಪುಟ ತೆರೆಯಲು ಒಂದು ನಿಮಿಷ ದಾಟಿದರೆ ಹೊಸ ಆನ್‌ಲೈನ್ ಅರ್ಜಿ ನಿಲ್ಲಿಸಿ ಮುದ್ರಿತ ಪಟ್ಟಿ ಮತ್ತು ಕಾಗದದ ನಮೂನೆಗೆ ಬದಲಾಗಿ. ಅರ್ಧಕ್ಕೆ ನಿಂತ ಅರ್ಜಿ ಸಲ್ಲಿಕೆಯಾಯಿತೋ ಇಲ್ಲವೋ ತಿಳಿಯದೆ ಮತ್ತೊಂದು ಹಾಕಿದರೆ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಹಂತ 10: ಮಳಿಗೆ ಎತ್ತುವಾಗ

ಲೆಕ್ಕ ಬರೆಯಲು ಹೆಸರುಗಳು ಬೇಕಿಲ್ಲ, ಗೆರೆ ಎಳೆದ ಒಂದು ಹಾಳೆ ಸಾಕು: ಎಷ್ಟು ಹುಡುಕಾಟ, ಎಷ್ಟು ಸಿಗಲಿಲ್ಲ, ನಮೂನೆ 6 ಎಷ್ಟು, 8 ಎಷ್ಟು, ಅರ್ಧಕ್ಕೆ ಬಿಟ್ಟು ಹೋದವರೆಷ್ಟು ಮತ್ತು ಯಾಕೆ. ಕೊನೆಯ ಕಾಲಂ ಮುಂದಿನ ಮಳಿಗೆಗೆ ಎಲ್ಲಕ್ಕಿಂತ ಉಪಯೋಗಿ. ‘ಆಧಾರ್ ಫೋನ್ ಇಲ್ಲ’ ಎಂದು ಮೂವತ್ತು ಗೆರೆ ಬಿದ್ದಿದ್ದರೆ ಮುಂದಿನ ಸಲ ಲ್ಯಾಪ್‌ಟಾಪಿಗಿಂತ ಮೊದಲು ಇನ್ನೊಬ್ಬ ಬಿಎಲ್‌ಒಗೆ ಪತ್ರ ಬರೆಯಿರಿ. ಒಂದೇ ಭಾಗದಲ್ಲಿ ತುಂಬ ಹೆಸರು ಕಾಣೆಯಾಗಿದ್ದರೆ ಭಾಗ ಸಂಖ್ಯೆ ಮತ್ತು ಎಣಿಕೆಯನ್ನಷ್ಟೇ ಬರೆದು ನೋಂದಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಆನ್‌ಲೈನ್ ಅರ್ಜಿಗೆ ಬಳಸಿದ ಲ್ಯಾಪ್‌ಟಾಪಿನ ಡೌನ್‌ಲೋಡ್ ಫೋಲ್ಡರು, ಫೋಟೊ ಗ್ಯಾಲರಿ, ಬ್ರೌಸರಿನ ಇತಿಹಾಸ ಅಳಿಸಿ, ಫೋನಿನ ‘ಇತ್ತೀಚೆಗೆ ಅಳಿಸಿದವು’ ಕೂಡ. ತಪ್ಪಾಗಿ ತುಂಬಿದ ನಮೂನೆಗಳನ್ನು ಮೈದಾನದ ಕಸದ ಬುಟ್ಟಿಗೆ ಹಾಕಬೇಡಿ. ಮಾರನೆಯ ದಿನ ಅದೇ ಕಾಗದದಲ್ಲಿ ಕಡಲೆ ಕಟ್ಟಿಕೊಡುತ್ತಾರೆ. ಸಣ್ಣ ಚೂರು ಮಾಡಿ ಮನೆಗೆ ಒಯ್ಯಿರಿ. ಮರಳಿನ ಚೀಲ ಕೊನೆಗೆ ಬಿಚ್ಚಿ.